ಬಂದ ಕಾಳು ಒಳಗೆ, ಊರ ಮಂದಿ ಹೊರಗೆ

ನಮ್ಮ ಕಡೆ ಊಟದ ಸುದ್ದಿ ಬಂದಾಗ ಎಲ್ಲರೂ ಹೇಳುವುದು ಒಂದೇ: ಖಡಕ್ ರೊಟ್ಟಿ, ಪುಂಡಿಪಲ್ಯ, ಸೇಂಗಾ ಹಿಂಡಿ, ಗಟ್ಟಿ ತೊಗರಿಬ್ಯಾಳಿ. ಬಸವಕಲ್ಯಾಣ, ಹುಮನಾಬಾದದ ಖಾನಾವಳಿಗಳ ಬೋರ್ಡಿನ ಮೇಲೂ ಇದೇ, ಉತ್ಸವದ ಮಳಿಗೆಗಳಲ್ಲೂ ಇದೇ. ಸುಳ್ಳೇನಲ್ಲ. ಆದರೆ ಇದು ಯಾರ ತಾಟಿನ ಲೆಕ್ಕ ಅಂತ ಕೇಳಿದವರು ಕಡಿಮೆ. ದಲಿತ ವಿಮರ್ಶೆ ಕಾವ್ಯ ಕಾದಂಬರಿಗಳ ಜೊತೆಗೆ ತಾಟನ್ನೂ ಓದಬೇಕು ಎಂಬುದು ನನ್ನ ಹಟ.

ಮೊದಲು 'ನಮ್ಮ ಮಣ್ಣಿನ ಊಟ' ಎಂಬ ಮಾತನ್ನು ತೂಗಿ ನೋಡೋಣ. ಜೋಳದ ಹುಟ್ಟೂರು ಆಫ್ರಿಕಾದ ಸುಡಾನ ಸೀಮೆ. ಸಜ್ಜೆಯೂ ಆಫ್ರಿಕಾದ್ದೇ, ಪುಂಡಿಯ ಬೇರೂ ಅಲ್ಲಿಯದೇ. ಸೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗುಗಳು ಬಂದ ಮೇಲೆ, ಅಂದರೆ 1500ರಿಂದ ಈಚೆಗೆ ಬಂದವು. 12ನೆಯ ಶತಮಾನದ ಕಲ್ಯಾಣದ ದಾಸೋಹದಾಗ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಆ ತಾಟಿನಲ್ಲಿ ಈ ದೇಶದಲ್ಲೇ ಹುಟ್ಟಿದ್ದು ತೊಗರಿ ಒಂದೇ. ಉಳಿದವೆಲ್ಲ ವಲಸೆ ಬಂದವು, ಯಾರೂ ಅವುಗಳ ಜಾತಿ ಕೇಳಲಿಲ್ಲ, ಸೀದಾ ಒಲೆತನಕ ಹೋದವು. ಆ ಜೋಳ ಬಿತ್ತಿದವರು, ಕೊಯ್ದವರು, ಕಣದಾಗ ರಾಶಿ ಮಾಡಿದವರು, ಉಸಿರುಕಟ್ಟುವ ಹಗೇವಿನೊಳಗೆ ಇಳಿದು ಕಾಳು ಎತ್ತಿಕೊಟ್ಟವರು ಮಾತ್ರ ತಲಬಾಗಿಲ ಹೊರಗೇ ಉಳಿದರು.

ಕೇರಿಯ ತಾಟನ್ನು ರೂಪಿಸಿದ್ದು ನಾಲಿಗೆಯ ರುಚಿಗಿಂತ ಹೆಚ್ಚಾಗಿ ಊರು ಕೊಟ್ಟದ್ದು ಮತ್ತು ಊರು ಬಿಸಾಕಿದ್ದು. ಸುಗ್ಗಿಯಲ್ಲಿ ಆಯದ ಕಾಳು, ಹಬ್ಬಕ್ಕೆ ಬೇಡಿ ತಂದ ರೊಟ್ಟಿ, ಮತ್ತೆ ಸತ್ತ ದನ. ದನ ಹೊತ್ತೊಯ್ಯುವುದು ಜಾತಿಯ ಚಾಕರಿ. ಆ ಚಾಕರಿಯ ಕೂಲಿಯೇ ಖಂಡ. ಒಂದೇ ದಿನ ಅಷ್ಟು ತಿನ್ನಲಾಗದು, ಉಪ್ಪಿಗೆ ರೊಕ್ಕ ಇಲ್ಲ, ಮಳೆಗಾಲದಾಗ ಕೆಲಸ ಇಲ್ಲ. ಈ ಮೂರು 'ಇಲ್ಲ'ಗಳೊಳಗಿಂದ ಒಣಖಂಡ ಹುಟ್ಟಿತು. ಎಣ್ಣೆಯ ಜಾಗಕ್ಕೆ ಕಾಸಿದ ಚರಬಿ ಬಂತು. ನೆರೆಯ ಉಸ್ಮಾನಾಬಾದ ಸೀಮೆಯ ಶಾಹು ಪಾಟೋಳೆ ಮರಾಠಿಯಲ್ಲಿ ಬರೆದ 'ಅನ್ನ ಹೇ ಅಪೂರ್ಣಬ್ರಹ್ಮ' 2015ರಲ್ಲಿ ಬಂತು. 2024ರಲ್ಲಿ ಇಂಗ್ಲಿಷಿಗೂ ಹೋಯಿತು. ಮರಾಠವಾಡದ ಮಹಾರ, ಮಾಂಗರ ಅಡಿಗೆಯನ್ನು ಅದು ಲೆಕ್ಕಕ್ಕೆ ತಂದಿತು. ಗಡಿಯ ಈಚೆಗಿನ ನಮ್ಮ ಒಲೆಯೂ ಹೆಚ್ಚುಕಡಿಮೆ ಅದೇ.

ಎಳ್ಳ ಅಮಾಸಿ ನನಗೆ ಚೆನ್ನಾಗಿ ನೆನಪಿದೆ. ಹೊಲದ ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಿಕೆ ತುಂಬ ಅಂಬಲಿ. ಇದಕ್ಕಿಂತ ರುಚಿಯಾದದ್ದು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಇವತ್ತಿಗೂ ಹೇಳುತ್ತೇನೆ. ವರ್ಷವಿಡೀ ದುಡಿದ ಹೊಲಕ್ಕೆ ನಮ್ಮನ್ನೂ ಕರೆಯುತ್ತಿದ್ದರು. ಕೂಡಿಸುತ್ತಿದ್ದದ್ದು ಬದುವಿನ ಆಚೆ. ಭಜ್ಜಿ ಮೇಲಿಂದ ಬೀಳುತ್ತಿತ್ತು. ಅದೇ ಕಾಳು, ಅದೇ ಗಡಿಗೆ. ನಡುವೆ ಒಂದು ಬದುವು.

ಕಲ್ಯಾಣದ ನೆಲದಲ್ಲಿ ನಿಂತು ಈ ಮಾತು ಹೇಳುವಾಗ ಶರಣರನ್ನು ಬಿಟ್ಟು ಹೋಗಲಾಗದು. ಅದು ವಲಸೆ ಬಂದವರ ಊರು: ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಡೋಹರ ಕಕ್ಕಯ್ಯ ಮಾಳವದಿಂದ ಬಂದರೆಂದು ಕಥೆಗಳು ಹೇಳುತ್ತವೆ. ಕೂಡಿ ಉಣ್ಣುವ ಪಂಕ್ತಿ ಅಲ್ಲಿ ನಡೆಯಿತು, ಅದು ಸಣ್ಣ ಮಾತಲ್ಲ. ಆದರೆ ಒಂದು ಸಂಗತಿ ನೋಡಿ. ಮಾದಾರ ಚೆನ್ನಯ್ಯನ ಕಥೆಯಲ್ಲಿ ಶಿವ ಉಣ್ಣುವುದು ಅಂಬಲಿಯನ್ನು. ಬೇಡರ ಕಣ್ಣಪ್ಪನ ಕಥೆಯಲ್ಲಿ ಮಾಂಸವನ್ನೇ ತಿಂದ. ಬೇಟೆಯ ಮಾಂಸಕ್ಕೆ ಪುರಾಣದಲ್ಲಿ ಜಾಗ ಸಿಕ್ಕಿತು, ಮಾದಿಗನ ಮನೆಯ ಖಂಡಕ್ಕೆ ಸಿಗಲಿಲ್ಲ. ಕೇರಿಯಿಂದ ಕಲ್ಯಾಣಕ್ಕೆ ಹೋದವನು ತನ್ನ ಗಡಿಗೆಯನ್ನು ಅಗಸಿಯಲ್ಲೇ ಇಟ್ಟು ಹೋಗಬೇಕಾಯಿತೇನೋ ಎಂಬುದು ನನ್ನ ಅನುಮಾನ.

ಲಂಬಾಣಿಗರ ತಾಂಡಾಗಳದ್ದು ಬೇರೆ ಹಾದಿ. ದಂಡುಗಳಿಗೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಉತ್ತರದಿಂದ ದಖ್ಖನಿಗೆ ಬಂದ ಮಂದಿ. ಅವರ ಬಾಯಲ್ಲಿ ಇವತ್ತಿಗೂ ರೊಟ್ಟಿ 'ಬಾಟಿ'ಯೇ, ಆದರೆ ತಟ್ಟುವುದು ಇಲ್ಲಿಯ ಜೋಳದ ಹಿಟ್ಟು. ಹಬ್ಬದ ಸಳೋಯಿಯಲ್ಲಿ ಆಡಿನ ರಕ್ತವೂ ಚೆಲ್ಲಿಹೋಗುವುದಿಲ್ಲ. ಇದೇ ಜನ ಇಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದೊಳಗೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದೊಳಗೆ ವಿಮುಕ್ತ ಜಾತಿ. ಹುಮನಾಬಾದದಿಂದ ಹೈದರಾಬಾದ ರಸ್ತೆ ಹಿಡಿದರೂ, ಸೊಲ್ಲಾಪುರ ರಸ್ತೆ ಹಿಡಿದರೂ ಬಾಟಿ ಬದಲಾಗುವುದಿಲ್ಲ, ಸರ್ಟಿಫಿಕೇಟು ಬದಲಾಗುತ್ತದೆ.

ಅದೇ ರಸ್ತೆ ನಮ್ಮವರನ್ನೂ ಒಯ್ದಿತು. 1972ರ ಬರದಲ್ಲಿ, ಆಮೇಲೆಯೂ, ಹೈದರಾಬಾದ, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋದವರು ತಿರುಗಿ ಬರುವಾಗ ಪಾವು, ಪಲಾವಿನ ರುಚಿ ತಂದರು. ಪ್ಯಾಟಿಯ ಚಾದಂಗಡಿಯಲ್ಲಿ ನನ್ನಂಥವರಿಗೆ ಬೇರೆ ಗ್ಲಾಸು ಇದ್ದ ಕಾಲದಲ್ಲಿ, ಮುಸಲ್ಮಾನರ ಹೋಟೆಲಿನಲ್ಲಿ ತಹರಿಯ ತಾಟು ಎಲ್ಲರಿಗೂ ಒಂದೇ ಇತ್ತು. ನಾನು ಮೊದಲ ಸಲ ಬೆಂಚಿನ ಮೇಲೆ ಕೂತು ಉಂಡದ್ದು ಅಲ್ಲಿ.

ಇಲ್ಲೊಂದು ತೊಡಕಿದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಅನೇಕ ಕೇರಿಗಳು ಬಿಟ್ಟವು. ಅದು ಚಾಕರಿಯನ್ನೇ ಧಿಕ್ಕರಿಸಿದ ಸ್ವಾಭಿಮಾನ. ಕರ್ನಾಟಕದಲ್ಲಿ 2021ರಿಂದ ಜಾರಿಯಾದ ಕಾಯ್ದೆಯೋ ಆಕಳು, ಎತ್ತು ಯಾವ ವಯಸ್ಸಿನದಾದರೂ ಕೊಯ್ದರೆ 3ರಿಂದ 7 ವರ್ಷ ಜೈಲು ಎನ್ನುತ್ತದೆ. ಬಿಟ್ಟಿರುವುದು 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ. ನಾವೇ ಬಿಡುವುದು ಬೇರೆ, ಬಿಡಿಸುವುದು ಬೇರೆ. ಇವೆರಡನ್ನೂ ಒಂದೇ 'ಶುದ್ಧಿ'ಯ ಕೊಳಗದಲ್ಲಿ ಅಳೆಯುವ ವಿಮರ್ಶಕರು ನಮ್ಮಲ್ಲೂ ಇದ್ದಾರೆ. ಇತ್ತ 2013ರ ಅನ್ನಭಾಗ್ಯದಿಂದ ಕೇರಿಯ ಹಸಿವು ತಗ್ಗಿತು, ರೊಟ್ಟಿಯೂ ತಗ್ಗಿತು. ಜೋಳದ ಹೊಲಕ್ಕೆ ಸೋಯಾ ಬಂತು, ಅದು ಯಾರ ಒಲೆಗೂ ಹತ್ತದೆ ನೇರ ಮಿಲ್ಲಿಗೆ ಹೋಗುತ್ತದೆ.

ಈ ಲೇಖನಕ್ಕಾಗಿ ನಮ್ಮವ್ವನ್ನ ಕೇಳಿದೆ, "ಯವ್ವಾ, ಖಂಡ ಹ್ಯಾಂಗ ಒಣಗಸ್ತಿದ್ದಿ?"

"ಅದನ್ಯಾಕ ಬರಿತಿ? ಓದಿದ ಮಂದಿ ನಮ್ಮ ಮನಿ ನೀರು ಕುಡಿಯಂಗಿಲ್ಲ."

ಒಂದಷ್ಟು ಹೊತ್ತು ಸುಮ್ಮನೆ ಕೂತಳು. ಆಮ್ಯಾಲೆ ತಾನೇ ಶುರು ಮಾಡಿದಳು: "ಉದ್ದುದ್ದಕ ಕೊಯ್ಬೇಕು. ಉಪ್ಪು ಇದ್ರ ಉಪ್ಪು, ಇಲ್ಲಾಂದ್ರ ಬರೇ ಅರಿಶಿಣ. ಹಗ್ಗದ ಮ್ಯಾಲ ಹಾಕಿ ಬಿಸಲಿಗಿ ಬಿಡಬೇಕು. ಕಾಗಿ ಕಾಯಬೇಕು. ಕಾಗಿ ಕಾಯಾಕ ನಿನ್ನೇ ಕೂಡಸ್ತಿದ್ದೆ, ಮರ್ತಿ ಏನು?"