ಹಾಸಿಗೆ ಇದ್ದಷ್ಟು ಕಾಲು ಚಾಚುವ ಕಾರು

ಸಂಸೆಯ ಏರುದಾರಿಯಲ್ಲಿ ಬಸ್ಸು ಗೇರು ಬದಲಿಸಿ ತಿಣುಕುವ ಸದ್ದು ಅಲ್ಲಿನ ಶಾಲಾಮಕ್ಕಳಿಗೆ ಚಿರಪರಿಚಿತ. ಡೀಸೆಲ್ ಮುಗಿದರೆ ಕ್ಯಾನಿನಲ್ಲಿ ತರಿಸಬಹುದು. ಬ್ಯಾಟರಿಯೊಂದನ್ನೇ ನಂಬಿದ ವಾಹನ ಮಾತ್ರ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ವಿದ್ಯಾರ್ಥಿಗಳ ದೂರದೋಟದ ಸ್ಪರ್ಧೆಗಳು ಕಲಿಸುವುದೂ ಈ ಪಾಠವನ್ನೇ. 1990ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೌರ ಕಾರನ್ನು ನಿರ್ಮಿಸಿದರು. ಬೆಂಗಳೂರಿನ ಚೇತನ್ ಮೈನಿ ಆ ತಂಡದಲ್ಲಿದ್ದರು. ಫ್ಲಾರಿಡಾದಿಂದ ಮಿಚಿಗನ್‌ವರೆಗಿನ ಓಟದಲ್ಲಿ ಅದು ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯದಲ್ಲಿ, ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿ.ಮೀ. ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ‘ರೇವಾ’ ವಿದ್ಯುತ್ ಕಾರಿನ ರೂವಾರಿ ಇದೇ ಮೈನಿ.

ಇಂಥ ಕಾರುಗಳ ಗುಟ್ಟು ದೊಡ್ಡ ಬ್ಯಾಟರಿಯಲ್ಲಿಲ್ಲ, ಸೋರಿಕೆ ತಡೆಯುವುದರಲ್ಲಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಅವುಗಳಿಗೆ ಮೀನಿನಂತೆ ನುಣುಪಾದ ಮೈ. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ಶಾಖವಾಗಿ ಪೋಲಾಗುವುದೂ ನಾಲ್ಕು ಪಟ್ಟು. ಗಾಳಿ ಕಡಿಮೆಯಾದ ಟೈರಿನ ಸೈಕಲ್ ತುಳಿದವರಿಗೆ ಮೂರನೆಯ ಸೋರಿಕೆಯನ್ನು ವಿವರಿಸಬೇಕಿಲ್ಲ.

ಬಯಲಿನ ಈ ಲೆಕ್ಕ ಮಲೆನಾಡಿನಲ್ಲಿ ಬದಲಾಗುತ್ತದೆ. ಚಾಲಕನೂ ಸೇರಿ 200 ಕಿಲೋ ತೂಗುವ ವಾಹನ 100 ಮೀಟರ್ ಎತ್ತರ ಏರಲು 1,96,000 ಜೂಲ್ ಶಕ್ತಿ ಬೇಕು. ಟೈರುಗಳ ಉರುಳುವ ತಡೆ ತೂಕದ ಶೇ. 0.8ರಷ್ಟು ಎಂದಿಟ್ಟುಕೊಂಡರೆ, ಸಮತಟ್ಟಾದ ರಸ್ತೆಯಲ್ಲಿ ಆ ತಡೆಯೊಂದನ್ನೇ ಎದುರಿಸಿ 12 ಕಿ.ಮೀ. ಉರುಳಲು ಅಷ್ಟು ಶಕ್ತಿ ಸಾಕು! ಬಯಲಿನ ವೇಗದೋಟದಲ್ಲಿ ಗಾಳಿ ಶತ್ರುವಾದರೆ, ಘಟ್ಟದಲ್ಲಿ ತೂಕವೇ ಶತ್ರು.

ಇಳಿಯುವಾಗ ಮೋಟಾರನ್ನೇ ಜನರೇಟರಾಗಿಸಿ ಶಕ್ತಿಯ ಒಂದಷ್ಟು ಭಾಗವನ್ನು ಬ್ಯಾಟರಿಗೆ ಮರಳಿಸಬಹುದು. ಪೂರ್ತಿ ಎಂದೂ ಮರಳದು. ಇಲ್ಲೊಂದು ಅಪಾಯವೂ ಉಂಟು. ಗುಡ್ಡದ ತುದಿಯಲ್ಲೇ ಬ್ಯಾಟರಿಯನ್ನು ಭರ್ತಿ ಮಾಡಿ ಹೊರಟರೆ, ಇಳಿಜಾರಿನ ಶಕ್ತಿಯನ್ನು ತುಂಬಿಕೊಳ್ಳಲು ಅದರಲ್ಲಿ ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ಸಡಿಲುತ್ತದೆ. ಆಗ ಪ್ರಾಣ ಕಾಯುವುದು ಮಾಮೂಲಿ ಬ್ರೇಕೇ. ತೂಕ ಉಳಿಸುವ ಹುರುಪಿನಲ್ಲಿ ಅದಕ್ಕೆ ಕತ್ತರಿ ಹಾಕುವಂತಿಲ್ಲ.

ಮಲೆನಾಡಿನ ಮಕ್ಕಳು ಇಂಥ ವಾಹನ ಕಟ್ಟಲು ಹೊರಟರೆ, ಮೊದಲು ಬೇಕಾದದ್ದು ದುಬಾರಿ ಮೋಟಾರಲ್ಲ. ತಮ್ಮೂರ ರಸ್ತೆಯ ಏರಿಳಿತವನ್ನು ಅಳೆದು ಬರೆದಿಟ್ಟ ಒಂದು ನೋಟುಪುಸ್ತಕ.