ಇಸ್ಪೀಟಿನ ತೆರಿಗೆ, ಬಾಸ್ಟನ್ನಿನ ಚಹಾ

ಇಸ್ಪೀಟ್ ಎಲೆಗೂ ತೆರಿಗೆ ಕಟ್ಟಿ ಅಂದ್ರೆ ಸುಮ್ಮನಿರ್ತೀರಾ? ಅಮೆರಿಕದವರು ಸುಮ್ಮನಿರಲಿಲ್ಲ!

1763. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧವನ್ನು ಬ್ರಿಟನ್ ಗೆದ್ದಿತ್ತು. ಆದರೆ ತಲೆ ಮೇಲೆ ಸಾಲದ ಹೊರೆ. ತನ್ನ ಅಮೆರಿಕದ ವಸಾಹತುಗಳಲ್ಲಿಟ್ಟ ಸೈನ್ಯದ ಖರ್ಚು ಯಾರು ಕೊಡಬೇಕು? ಅಲ್ಲಿನವರೇ ಕೊಡಲಿ ಅಂತು ಲಂಡನ್.

1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಪತ್ರಿಕೆ, ಉಯಿಲು, ಇಸ್ಪೀಟು, ಎಲ್ಲಕ್ಕೂ ಸರ್ಕಾರಿ ಮುದ್ರೆ, ಮುದ್ರೆಗೆ ದುಡ್ಡು. ಜನ ಕೇಳಿದ್ದು ಒಂದೇ: ಪಾರ್ಲಿಮೆಂಟಿನಲ್ಲಿ ನಮ್ಮವನೊಬ್ಬನೂ ಇಲ್ಲ, ತೆರಿಗೆ ಯಾಕೆ ಕೊಡಬೇಕು? ಮರುವರ್ಷವೇ ಕಾಯ್ದೆ ವಾಪಸ್. ಆದರೆ ಹೊಸ ತೆರಿಗೆಗಳು ಬಂದವು, ಹಿಂದೆಯೇ ಸೈನಿಕರೂ ಬಂದರು.

1770, ಬಾಸ್ಟನ್. ಹಿಮದ ಉಂಡೆ ಎಸೆದ ಗುಂಪಿನ ಮೇಲೆ ಸೈನಿಕರ ಗುಂಡು. ಸತ್ತವರು ಐವರು.

1773ರ ಡಿಸೆಂಬರ್ ರಾತ್ರಿ, ಅದೇ ಊರಿನ ಬಂದರು. ಚಹಾ ತೆರಿಗೆ ಒಲ್ಲದ ಜನರ ಕೈಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ನೀರುಪಾಲು! ಸಿಟ್ಟಿಗೆದ್ದ ಬ್ರಿಟನ್ ಬಂದರಿಗೇ ಬೀಗ ಜಡಿಯಿತು. ಉಳಿದ ವಸಾಹತುಗಳೂ ಬಾಸ್ಟನ್ ಬೆನ್ನಿಗೆ ನಿಂತವು.

1775ರ ಏಪ್ರಿಲ್, ಲೆಕ್ಸಿಂಗ್ಟನ್‌ನಲ್ಲಿ ಯುದ್ಧ ಶುರು. 1776ರ ಜುಲೈ 4, ಸ್ವಾತಂತ್ರ್ಯ ಘೋಷಣೆ.

ಇನ್ನೊಂದು ಗೊತ್ತಾ? ಇದೇ ಯುದ್ಧದಲ್ಲಿ, 1782ರಲ್ಲಿ, ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಮೈಸೂರಿನ ಹೈದರನ ಹೆಸರೇ!