ಮಣ್ಣಿನಡಿಯ ಖಡ್ಗ, ಹಲಗೂರಿನ ಕಬ್ಬಿಣ

ಮಂಡ್ಯದ ನೆಲ ಕಬ್ಬು ಭತ್ತಗಳ ನೆಲವಾಗುವುದಕ್ಕೆ ಮುಂಚೆ ದಂಡುದಾಳಿಗಳ ನೆಲವಾಗಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮದ್ದೂರಿನ ಕೋಟೆಯನ್ನು ಕೆಡವಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಪಡೆಗೂ ಟಿಪ್ಪು ಸುಲ್ತಾನನ ಪಡೆಗೂ ಕದನವಾಯಿತು. ಮೇ 4ರಂದು ಶ್ರೀರಂಗಪಟ್ಟಣವೇ ಬಿದ್ದಿತು. ಇಂತಹ ಸೀಮೆಯಲ್ಲಿ ತಳಪಾಯ ತೋಡುವಾಗಲೋ ಹಾಳುಬಾವಿಯ ಹೂಳೆತ್ತುವಾಗಲೋ ತುಕ್ಕು ಹಿಡಿದ ಅಲಗೊಂದು ಗುದ್ದಲಿಗೆ ತಾಗಿದರೆ ಸೋಜಿಗವೇನೂ ಇಲ್ಲ. ಆದರೆ ಅದರ ಮೇಲೆ ಪಾರಸಿ ಅಕ್ಷರಗಳು ಕಂಡವೆಂದರೆ ಮಾತು ಎರಡಾಗುತ್ತದೆ. ಒಬ್ಬರು ‘ಇದು ಟಿಪ್ಪುವಿನ ಕತ್ತಿ, ಕೋಟಿ ಬೆಲೆ ಬಾಳುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಪರದೇಶದ್ದು, ನಮ್ಮ ಮನೆಗೆ ಬೇಡ’ ಎನ್ನುತ್ತಾರೆ. ಎರಡೂ ಅವಸರದ ಮಾತುಗಳೇ.

ಅಕ್ಷರ ಪಾರಸಿಯಾದ ಮಾತ್ರಕ್ಕೆ ಆಯುಧ ಪಾರಸಿಕ ದೇಶದ್ದಾಗುವುದಿಲ್ಲ. ಆ ಕಾಲದಲ್ಲಿ ಪಾರಸಿಯು ನಮ್ಮ ದೇಶದ ಹಲವು ಆಸ್ಥಾನಗಳ ಆಡಳಿತ ಭಾಷೆಯಾಗಿತ್ತು. ಶ್ರೀರಂಗಪಟ್ಟಣದ ಅರಮನೆಯಲ್ಲಿ ದೊರೆತು ಸೇನಾಧಿಕಾರಿ ಬೇರ್ಡನಿಗೆ ಸಂದ ಟಿಪ್ಪುವಿನ ಶಯನಾಗಾರದ ಖಡ್ಗವನ್ನೇ ನೋಡಿರಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅದರ ಅಲಗಿನ ಮೇಲಿರುವ ‘ಶಂಶೀರ್-ಎ-ಮಲಿಕ್’, ಅಂದರೆ ಅರಸನ ಖಡ್ಗ, ಎಂಬ ಬರಹ ಪಾರಸಿ. ಅಲಗಿನ ಆಕಾರ 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ ಅಲಗುಗಳದು. ಮಾಡಿದ ಕೈಗಳು ಮೊಗಲರ ಕಮ್ಮಾರರವು ಎಂದು ಹರಾಜಿನವರೇ ಬರೆದರು. ಒಂದೇ ಕತ್ತಿಯಲ್ಲಿ ಮೂರು ದೇಶಗಳು!

ಕಸುಬುದಾರನ ಹೆಸರು ಕೊರೆದಿದ್ದರೂ ಅದು ಪೂರ್ಣ ಪ್ರಮಾಣವಲ್ಲ. ಷಾ ಅಬ್ಬಾಸನ ಕಾಲದ ಇಸ್ಫಹಾನಿನ ಅಸದುಲ್ಲಾನ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಅವನ ತರುವಾಯ ತಲೆಮಾರುಗಟ್ಟಲೆ ಇರಾನಿನಲ್ಲಿಯೂ ಭಾರತದಲ್ಲಿಯೂ ಅಲಗುಗಳ ಮೇಲೆ ಅದೇ ಹೆಸರನ್ನು ಹೊಡೆಯುತ್ತಿದ್ದರು. ಆದ್ದರಿಂದ ಬಲ್ಲವರು ಮೊದಲು ಹಿಡಿಯನ್ನು ನೋಡುತ್ತಾರೆ. ತುದಿಯಲ್ಲಿ ತಟ್ಟೆಯಂತಹ ದುಂಡು ಬಿಲ್ಲೆಯಿರುವ ಉಕ್ಕಿನ ಹಿಡಿ ನಮ್ಮ ದೇಶದ ತಲ್ವಾರಿನದು. ತುದಿ ಒಂದು ಪಕ್ಕಕ್ಕೆ ಬಾಗಿ, ಎಲುಬಿನ ಇಲ್ಲವೆ ಕೊಂಬಿನ ಹಲ್ಲೆಗಳನ್ನು ಕೂಡಿಸಿದ್ದು ಪಾರಸಿಕ ಶಂಶೀರಿನದು. ಇಸ್ಫಹಾನಿನ ಅಲಗಿಗೆ ಇಲ್ಲಿನ ಹಿಡಿ ಹಾಕಿಸಿಕೊಂಡವರೂ ಇದ್ದುದರಿಂದ ಅಲಗನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಶಂಶೀರಿನ ಅಲಗು ಕಿರಿದು, ಬಾಗು ಹೆಚ್ಚು, ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ. ಉತ್ತಮವಾದುದರ ಮೈಮೇಲೆ ನೀರಿನ ಅಲೆಗಳಂತಹ ನವುರಾದ ಗೆರೆಗಳಿರುತ್ತವೆ. ಪಾರಸಿಯಲ್ಲಿ ಇದಕ್ಕೆ ‘ಜೌಹರ್’ ಎಂದು ಹೆಸರು.

ನಮಗೆ ಮುಖ್ಯವಾದ ಸಂಗತಿ ಇಲ್ಲಿಯೇ ಇದೆ. ಆ ಅಲೆಗೆರೆಯ ಉಕ್ಕು ಬಹುಮಟ್ಟಿಗೆ ದಕ್ಷಿಣ ಭಾರತದ ಮೂಸೆಗಳಿಂದ ಹೋದುದು. ಗೋಲ್ಕೊಂಡ ಸೀಮೆಯ ಉಕ್ಕಿನ ಗಟ್ಟಿಗಳು ಪಾರಸಿಕಕ್ಕೆ ಸಾಗುತ್ತಿದ್ದವು. ಈಗಿನ ತೆಲಂಗಾಣದ ಕೋನಸಮುದ್ರಂ ಗ್ರಾಮಕ್ಕೆ ಇಸ್ಫಹಾನಿನ ವರ್ತಕನೇ ಬಂದು ಕೊಳ್ಳುತ್ತಿದ್ದುದನ್ನು 19ನೆಯ ಶತಮಾನದ ಆರಂಭದಲ್ಲಿ ವಾಯ್ಸಿ ಎಂಬ ಆಂಗ್ಲ ವೈದ್ಯ ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಗೆ ಕಬ್ಬಿಣ, ತಂಗಡಿಯ ಕಡ್ಡಿ, ಹಸಿ ಎಲೆಗಳನ್ನು ತುಂಬಿ ಬಾಯಿ ಮೆತ್ತಿ ಕುದಿಸುತ್ತಿದ್ದ ಬಗೆಯನ್ನು 1800ರಲ್ಲಿ ಬುಕಾನನ್ ವರ್ಣಿಸಿದನು. ಇಂಗ್ಲಿಷರ ಬಾಯಲ್ಲಿ ‘ವೂಟ್ಸ್’ ಆದದ್ದು ನಮ್ಮ ‘ಉಕ್ಕು’ ಎಂಬ ಮಾತೇ ಎಂದು ಅನೇಕ ವಿದ್ವಾಂಸರ ಮತ. 2006ರಲ್ಲಿ ಡ್ರೆಸ್ಡೆನ್ನಿನ ಪೀಟರ್ ಪಾಫ್ಲರ್ ಮತ್ತು ಸಂಗಡಿಗರು ಅಸದುಲ್ಲಾನ ಹೆಸರಿನ 17ನೆಯ ಶತಮಾನದ ಖಡ್ಗವೊಂದರ ಚೂರನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಕೆಗಳಿರುವುದನ್ನು ಪ್ರಕಟಿಸಿದರು. ಮೂಸೆಯಲ್ಲಿ ಬೆಂದ ಸೊಪ್ಪುಕಡ್ಡಿಗಳ ಫಲ ಎಷ್ಟು ದೂರ ಹೋಯಿತು!

ಮಳವಳ್ಳಿಯವರು ಇದನ್ನು ಓದಿ ಹಲಗೂರನ್ನು ನೆನೆಯದಿರಲಾರರು. ಮೈಸೂರು ಗೆಜೆಟಿಯರಿನಲ್ಲಿ ರೈಸ್ ಅವರು ಕಬ್ಬಿಣ ಕರಗಿಸುವ ತಾಲ್ಲೂಕುಗಳನ್ನು ಎಣಿಸುವಾಗ ಮಾಗಡಿ, ಚಿಕ್ಕನಾಯಕನಹಳ್ಳಿಗಳೊಡನೆ ಮಳವಳ್ಳಿಯನ್ನೂ ಹೇಳಿದ್ದಾರೆ. ಅದಕ್ಕಿಂತ ಹಿಂದಿನ ಸಾಕ್ಷಿ ನೀಲಗಾರರ ಕಂಠದಲ್ಲಿದೆ. ಕಲ್ಯಾಣದ ಶರಣರನ್ನು ಪರೀಕ್ಷಿಸಿ ದಕ್ಷಿಣಕ್ಕೆ ಬಂದ ಮಂಟೇಸ್ವಾಮಿಗಳು ಮದ್ದೂರು ಸೀಮೆಯ ನಿಡಘಟ್ಟದ ಪಾಂಚಾಳರ ಮಗನಾದ ಕೆಂಪಾಚಾರಿಯನ್ನು ಶಿಷ್ಯನನ್ನಾಗಿ ಪಡೆದು ಸಿದ್ಧಪ್ಪಾಜಿಯಾಗಿಸಿದರು. ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಕಳುಹಿಸಿದರು. ಅಲ್ಲಿಯ ಪಾಂಚಾಳರು ಕೊಡಲೊಪ್ಪದೆ ಊರು ಬೆಂದುಹೋಯಿತೆಂಬುದು ಆ ಕಾವ್ಯದ ಕಥೆ. ಭಿಕ್ಷೆಗೆ ಕಬ್ಬಿಣವನ್ನೇ ಬೇಡಬೇಕಾದರೆ ಆ ಊರಿನ ಕಾಯಕ ಎಂತಹುದಿದ್ದಿರಬೇಕು! ಕಥೆಯನ್ನು ಕಥೆಯೆಂದು ತಳ್ಳಿಬಿಡುವ ಪಂಡಿತರೊಡನೆ ನನಗೆ ಸಹಮತವಿಲ್ಲ.

ದೊರೆತುದನ್ನು ಗುರುತಿಸಲು ತಾಳ್ಮೆ ಬೇಕೆಂಬುದಕ್ಕೆ ನಮ್ಮ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ನಿದರ್ಶನ. ರಾಣಿ ವೀರಮ್ಮಾಜಿಯಿಂದ 1763ರಲ್ಲಿ ಹೈದರನು ಕಿತ್ತುಕೊಂಡ ಈ ನಗರದಲ್ಲಿ 2002ರಲ್ಲಿ 160ಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತಿದ್ದವು. ಅವು ಯುದ್ಧದ ರಾಕೆಟುಗಳೆಂದು ತಿಳಿದದ್ದು 2013ರಲ್ಲಿ. 2018ರಲ್ಲಿ ಅಲ್ಲಿಯ ಹಾಳುಬಾವಿಯ ಮಣ್ಣು ಮದ್ದಿನ ವಾಸನೆ ಬೀರುತ್ತಿದ್ದುದನ್ನು ಕಂಡು ತೋಡಿದಾಗ ಸಾವಿರಕ್ಕೂ ಮಿಕ್ಕಿ ದೊರೆತವು. ವಸ್ತುವಿನಷ್ಟೇ ಸುತ್ತಣ ಮಣ್ಣೂ ಸಾಕ್ಷಿ ನುಡಿಯಿತು.

ನಮ್ಮ ಮನೆಗಳಲ್ಲಿ ಹಳೆಯ ಕತ್ತಿ ಕಂಡೊಡನೆ ಆಯುಧಪೂಜೆಗೆಂದು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುವ ವಾಡಿಕೆಯುಂಟು. ಭಕ್ತಿಯೇನೋ ಸರಿಯೇ, ಆದರೆ ಅಲೆಗೆರೆಯೂ ಅಕ್ಷರದ ಚಿನ್ನದ ಎಳೆಯೂ ಆ ತಿಕ್ಕಿನಲ್ಲಿಯೇ ಅಳಿಯುತ್ತವೆ. ನೆಲದಿಂದ ಬಂದುದನ್ನು ತೊಳೆಯದೆ, ನೆನೆಯಗೊಡದೆ, ಒಣಬಟ್ಟೆಯಲ್ಲಿ ಸುತ್ತಿಡಿರಿ. ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ ಸಿಕ್ಕಿತೆಂದು ಬರೆದಿಡಿರಿ. ನಿಧಿಯ ವಿಷಯದಲ್ಲಿ 1878ರ ಕೇಂದ್ರ ಕಾಯಿದೆಯೂ ನಮ್ಮ ರಾಜ್ಯದ 1962ರ ಕಾಯಿದೆಯೂ ಇವೆ. ಜಿಲ್ಲಾಧಿಕಾರಿಗಳಿಗೆ ತಿಳಿಸದೆ ಬಚ್ಚಿಡುವುದು ಅಪರಾಧ. ಬಳಿಯಲ್ಲಿ ಕಪ್ಪಾದ, ಗಾಜಿನಂತೆ ಹೊಳೆಯುವ ಕಿಟ್ಟದ ಗಟ್ಟಿಗಳೋ ಸುಟ್ಟ ಮೂಸೆಯ ಚೂರುಗಳೋ ಕಂಡರೆ ಅವನ್ನು ಎಸೆಯದೆ ಕತ್ತಿಯೊಡನೆಯೇ ತೋರಿಸಿರಿ.